ಬೂಷ್ಟು ಎಲ್ಲಿದೆ?

ಕಿಡ್ನಿ ಕಸಿಯಾದ ಮೇಲೆ ನನ್ನ ಗಂಡನಿಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಸ್ಕ್ಯಾನ್ ನೋಡಿದ ಡಾಕ್ಟರು, "ಶ್ವಾಸಕೋಶದಲ್ಲಿ ಬೂಷ್ಟು ಬೆಳೆದಿದೆ. ಹಳೇ ಬ್ರೆಡ್ ಮೇಲೆ ಬರುತ್ತಲ್ಲ, ಅಂಥದ್ದೇ" ಎಂದರು.

"ಗಾಳೀಲಿರೋ ಅದರ ಪುಡೀನ ನಾವೂ ದಿನಾ ಉಸಿರಾಡ್ತೀವಲ್ಲ ಡಾಕ್ಟ್ರೇ?"

"ನಮ್ಮ ದೇಹ ಅದನ್ನ ಕೊಂದುಹಾಕುತ್ತೆ. ಹೊಸ ಕಿಡ್ನಿ ಉಳಿಯೋಕೆ ಇವರು ತಗೊಳ್ಳೋ ಮಾತ್ರೆ ಆ ಶಕ್ತೀನೇ ಕುಗ್ಗಿಸಿದೆ. ಮನೇಲಿ ಎಲ್ಲಾದ್ರೂ ಬೂಷ್ಟಿದ್ಯಾ, ಹುಡುಕಿ. ಹಾಸಿಗೆ ಬಟ್ಟೆ ದಿನಾ ಬದಲಾಯಿಸಿ."

ಹುಡುಕಿದೆ. ಹೂವಿನ ಕುಂಡಗಳನ್ನು ಪಕ್ಕದ ಮನೆಗೆ ಕೊಟ್ಟೆ. ಬಚ್ಚಲ ಗೋಡೆ ಕೆರೆಸಿ ಬಣ್ಣ ಹೊಡೆಸಿದೆ. ಕೂಲರ್ ಹೊರಗೆ ಹಾಕಿದೆ. ಅತ್ತೆಯ ಉಪ್ಪಿನಕಾಯಿ ಭರಣಿಯನ್ನೂ ಬಿಡಲಿಲ್ಲ. ಹಾಸಿಗೆಯ ಕೆಲಸವನ್ನು ಮಾತ್ರ ಅತ್ತೆ ಯಾರಿಗೂ ಬಿಡದೆ ತಾವೇ ವಹಿಸಿಕೊಂಡರು. ಆದರೂ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದ ಇವರು, ಮನೆಗೆ ಬಂದ ವಾರದಲ್ಲೇ ಮತ್ತೆ ಏದುಸಿರು ಬಿಡುತ್ತಿದ್ದರು. ಇವತ್ತು ಕಫದಲ್ಲಿ ರಕ್ತ ಬಂತು.

ನಾನು ಮಂಚದ ಪಕ್ಕ ಕುಸಿದು ಕೂತೆ. "ಇನ್ನೇನು ಹೊರಗೆ ಹಾಕ್ಲಿ ಅತ್ತೆ? ನಂಗೇನೂ ಕಾಣಿಸ್ತಿಲ್ಲ."

"ಅಳಬೇಡ ಕಣೇ. ನೀನು ಮಾಡೋದೆಲ್ಲ ಮಾಡಿದೀಯ. ನಾನೂ ಅವನನ್ನ ಒಂದಿನ ಅಮ್ಮನವರ ಕಾವಲಿಲ್ಲದೆ ಮಲಗಿಸಿಲ್ಲ."

"ಅಮ್ಮಾ, ದಿಂಬು..." ಎಂದು ಇವರು ಕಷ್ಟಪಟ್ಟು ತಲೆ ಎತ್ತಿದರು.

ಅತ್ತೆ ಒಗೆದ ಕವರನ್ನು ಬಿಡಿಸಿಟ್ಟುಕೊಂಡು, ಹಳೆಯದರೊಳಗೆ ಕೈ ಹಾಕಿ, ಇಷ್ಟು ದಿನ ಗುಡಿಯಿಂದ ತಂದಿಟ್ಟಿದ್ದ ಪ್ರಸಾದದ ಹೂವನ್ನೆಲ್ಲ ಒಂದೆಸಳೂ ಬೀಳದಂತೆ ಬಾಚಿ ತೆಗೆದರು. ಕಣ್ಣಿಗೊತ್ತಿಕೊಂಡು ಹೊಸ ಕವರಿನೊಳಗೆ ಸುರಿದಾಗ ಹಸಿರು ಪುಡಿ ಎದ್ದಿತು.