ಸುಧಾರಣೆಯ ಜ್ವರ

ವಿಲಾಯತಿಯ ಹಡಗುಗಳಲ್ಲಿ ಈಗ ಸುಧಾರಣೆಯ ಜ್ವರವೂ ಬರುತ್ತದೆ. ಅದು ಬೆವರಿನಿಂದ ಹರಡುವ ಕಾಯಿಲೆ. ಆದ್ದರಿಂದ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಡಾಕ್ಟರು ಹೆಂಗಸರ ಹಣೆ ಮುಟ್ಟಿ ನೋಡಿದ ಮೇಲೆಯೇ ಒಳಗೆ ಬಿಡುವುದು. ಜ್ವರ ತಗುಲಿದವರಿಗೆ ಕೆಲಸವಿಲ್ಲ.

ಕಾರ್ಖಾನೆಯ ಧಣಿಗಳಿಗೂ ಲಂಡನ್ನಿನಲ್ಲಿ ಜ್ವರ ಹತ್ತಿತ್ತು. ದೊಡ್ಡವರಿಗೆ ಅದು ಅಪಾಯವಲ್ಲ. ಊರಿಗೆ ಬಂದು ಕೂಲಿಯವರ ಹಕ್ಕಿನ ಬಗ್ಗೆ ಒಂದು ಭಾಷಣ ಮಾಡಿದರು, ಚೆನ್ನಾಗಿ ಬೆವರಿದರು, ಜ್ವರ ಇಳಿಯಿತು. ಬೆವರಿನಲ್ಲಿ ನೆನೆದ ಕೋಟನ್ನು ದಯೆಯಿಂದ, ಕಾರ್ಖಾನೆಯಲ್ಲಿ ಹಂಚು ಹೊರುವ ಬಾಣಂತಿ ಅಪ್ಪಿಗೆ ದಾನ ಮಾಡಿದರು. ವಠಾರದ ಕೂಲಿ ಹೆಂಗಸರ ಮಕ್ಕಳೆಲ್ಲ ಅದನ್ನು ಸರದಿಯಲ್ಲಿ ಹೊದ್ದು ತಾಯಂದಿರ ಮಗ್ಗುಲಲ್ಲಿ ಮಲಗಿದರು.

ಇಂದು ಡಾಕ್ಟರು ಅಪ್ಪಿಯ ಹಣೆ ಮುಟ್ಟಿದರು.

"ಎಂತ ಮಾರಾಯ್ತಿ, ಸುಡ್ತಾ ಉಂಟಲ್ಲ. ಏನಾದ್ರೂ ಬೇಕು ಅಂತ ಅನಿಸ್ತದಾ?"

ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯದು ಎಂದು ಅಪ್ಪಿಗೆ ಗೊತ್ತಿತ್ತು. ಆದರೂ ಬಾಯಿ ನಿಲ್ಲಲಿಲ್ಲ.

"ಮಧ್ಯಾಹ್ನ ಮಗುವಿಗೆ ಹಾಲು ಕೊಡ್ಲಿಕ್ಕೆ ಬಿಡುವು ಬೇಕು ಡಾಕ್ಟ್ರೇ. ಸಂಬಳ ಹಿಡೀಬಾರ್ದು."

"ಮನೆಗೆ ಹೋಗು. ಮುಂದಿನವಳು ಬಾ."

ಮುಂದಿನವಳ ಹಣೆಯೂ ಸುಡುತ್ತಿತ್ತು, ಅವಳ ಹಿಂದಿನವಳದ್ದೂ. ಸಾಲು ಮುಗಿಯುವಷ್ಟರಲ್ಲಿ ಹಂಚು ಹೊರಲು ಒಬ್ಬಳೂ ಉಳಿದಿರಲಿಲ್ಲ. ಒಳಗೆ ಹಂಚು ಸುಡುವ ಗೂಡಿಗೆ ಬೆಂಕಿ ಹಾಕಿಯಾಗಿತ್ತು.

ಡಾಕ್ಟರು ಅಪ್ಪಿಯನ್ನು ವಾಪಸು ಕರೆದರು.

"ಮಧ್ಯಾಹ್ನ ಮಗುವನ್ನು ತರಿಸಿಕೋ. ಸಂಬಳದ ವಿಷಯ ಧಣಿಗಳ ಹತ್ರ ನಾನು ಮಾತಾಡ್ತೇನೆ."

ಆಮೇಲೆ ಮೆಲ್ಲಗೆ ತಮ್ಮ ಹಣೆಯನ್ನೇ ಮುಟ್ಟಿ ನೋಡಿಕೊಂಡರು.

"ಆದಿತ್ಯವಾರ ನಂಗೂ ರಜೆ ಬೇಕು ಅಂತ ಸಹ ಹೇಳ್ತೇನೆ."