ಎಡಗಡೆಯ ಸ್ಟೀರಿಂಗ್

ಜೀಪಿನ ಸ್ಟೀರಿಂಗ್ ಎಡಗಡೆ ಇತ್ತು.

ಹಫೀಜಾ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಕಂಪ್ಯೂಟರಿನ ಪರದೆಯ ತುಂಬ ಒಣಹುಲ್ಲಿನ ಬಯಲು. ಸಾಲಾಗಿ ಹೊರಟ ಆನೆಗಳು. ಪಕ್ಕದಲ್ಲಿ ತೆರೆದ ಜೀಪು. ಹಿಂದಿನಿಂದ ತೆಗೆದ ಚಿತ್ರ. ಚಾಲಕ ಕೂತದ್ದು ಎಡಕ್ಕೇ.

'ಬೋಟ್ಸ್‌ವಾನಾ, ಆಗಸ್ಟ್ 2009' ಎಂದು ಅವಳ ಗಂಡ ಜಬ್ಬಾರ್ ಅಡಿಯಲ್ಲಿ ಬರೆದಿದ್ದ.

ಅವಳು ಪಕ್ಕದ ಮನೆಯ ಸಲ್ಮಾಳಿಗೆ ಫೋನ್ ಮಾಡಿದಳು. ಸಲ್ಮಾಳ ಅಣ್ಣ ಹತ್ತು ವರ್ಷ ಜೊಹಾನ್ಸ್‌ಬರ್ಗಿನಲ್ಲಿದ್ದವನು.

"ಆ ಕಡೆ ಎಲ್ಲಾ ನಮ್ಮ ಮೈಸೂರಿನ ಥರಾನೇ ಆಪಾ. ಸ್ಟೀರಿಂಗ್ ರೈಟಿಗೆ. ಯಾಕೆ, ನೀವೂ ಡ್ರೈವ್ ಮಾಡಕ್ಕೆ ಹೊರಟ್ರಾ?"

"ಸುಮ್ನೆ ಕೇಳಿದೆ."

"ನೀವು ಯಾವತ್ತು ಸುಮ್ನೆ ಕೇಳಿದೀರಿ, ಹೇಳಿ."

ಹಫೀಜಾ ಫೋನ್ ಇಟ್ಟಳು. ಸ್ಟೀರಿಂಗ್ ಎಡಗಡೆ ಇರುವುದು ಇಲ್ಲಿ, ಅಮೆರಿಕದಲ್ಲಿ. ಈಸ್ಟ್ ಬ್ರನ್ಸ್‌ವಿಕ್‌ನ ಆ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಸುಳ್ಳು ಜಬ್ಬಾರನಿಗೆ ಹೊಸದಲ್ಲ. ಹಿಂದಿನ ಚಳಿಗಾಲದಲ್ಲಿ ಹೋಬೋಕನ್‌ನ ಕ್ಯಾಟಲಾಗ್ ಫೋಟೋ ಸ್ಟುಡಿಯೋ ಅವನನ್ನು ಲೇಆಫ್ ಮಾಡಿತ್ತು. ಹನ್ನೊಂದು ವಾರ ಅವನು ಅದನ್ನು ಹೇಳಲೇ ಇಲ್ಲ. ದಿನಾ ಬೆಳಿಗ್ಗೆ ಕ್ಯಾಮೆರಾ ಚೀಲ ಹೆಗಲಿಗೇರಿಸಿ ಟ್ರೈನ್ ಹತ್ತುತ್ತಿದ್ದ. ಹೊಳೆದಂಡೆಯ ಬೆಂಚಿನ ಮೇಲೆ ಕೂತು ಫೆರ್ರಿಗಳನ್ನು ನೋಡಿ ಸಂಜೆ ಮರಳುತ್ತಿದ್ದ. "ಆಫೀಸ್ ಹೇಗಿತ್ತು?" ಎಂದರೆ "ಬಿಜಿ" ಎನ್ನುತ್ತಿದ್ದ. ಅವಳು ಕಟ್ಟಿಕೊಟ್ಟ ಊಟ ಮಾತ್ರ ಅರ್ಧ ಹಾಗೇ ಬರುತ್ತಿತ್ತು. ಅದರಿಂದಲೇ ಅವಳಿಗೆ ಗೊತ್ತಾದದ್ದು.

ಉಳಿದದ್ದು ವಾರಾಂತ್ಯದ ಮದುವೆ ಆಲ್ಬಮ್‌ಗಳು. ಆ ಕೆಲಸದಲ್ಲಿ ಅವನದು ಅತಿ ಶಿಸ್ತು. ರಾಜಿ ಆಂಟಿಯ ಮಗಳ ಆಲ್ಬಮ್ ಎಡದಿಂದ ತೆರೆಯಬೇಕು, ಫರ್ಹೀನ್‌ಳದು ಉರ್ದು ಪುಸ್ತಕದ ಹಾಗೆ ಬಲದಿಂದ. ಯಾವುದೇ ಆಗಲಿ, ಚಿತ್ರದಲ್ಲಿರುವವರು ಓದುವ ದಿಕ್ಕಿಗೇ ನಡೆಯಬೇಕು. ಎದುರು ದಿಕ್ಕಿಗೆ ಹೊರಟ ಮದುಮಗನನ್ನು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಮೇ ತಿಂಗಳಲ್ಲಿ ಆಫ್ರಿಕಾದ ಕೆಲಸ ಸಿಕ್ಕಿತು ಎಂದ. ಯಾವುದೋ ಸಫಾರಿ ಲಾಡ್ಜು. ಪ್ರಾಣಿಗಳ ಚಿತ್ರ, ಬಲೂನಿನಿಂದ, ಪುಟ್ಟ ವಿಮಾನದಿಂದ ಬಯಲಿನ ಚಿತ್ರ. ಅವನು ಹೊರಟ ದಿನ ಅವಳು ತನ್ನ ಕ್ರ್ಯಾನ್‌ಬರಿಯ ಆಫೀಸಿನಲ್ಲಿದ್ದಳು. ಅವನು ವಿಮಾನ ಹತ್ತಿದ್ದನ್ನು ನೋಡಿದವರಿಲ್ಲ.

ಈಗ ಈ ಮೇಲ್. 'ನಿನಗಾಗಿ ಒಂದು ಆಲ್ಬಮ್ ಮಾಡಿ ಪೋಸ್ಟ್ ಮಾಡಿದ್ದೇನೆ. ಅದು ಬರುವವರೆಗೆ ಅದರದೇ ನಾಲ್ಕು ಚಿತ್ರ ನೋಡು. ಲಾಡ್ಜಿನವರು ಇನ್ನೆರಡು ವರ್ಷ ಇರು ಅನ್ನುತ್ತಿದ್ದಾರೆ. ನೀನು ಬಾ ಅಂದರೆ ಶನಿವಾರದ ವಿಮಾನ ಹತ್ತುತ್ತೇನೆ. ಬೇಡ ಅಂದರೆ ಇಲ್ಲೇ ಉಳಿಯುತ್ತೇನೆ. ಒಂದು ಮಾತು ಬರಿ.'

ಅವಳು ಉಳಿದ ಚಿತ್ರಗಳನ್ನು ತೆರೆದಳು. ಎಡಕ್ಕೆ ಓಡುವ ಜಿಂಕೆಗಳು. ಎಡಕ್ಕೆ ಹಾರುವ ಕೊಕ್ಕರೆಗಳು. ಕೊನೆಯದರಲ್ಲಿ ಬಲೂನಿನ ಬುಟ್ಟಿಯೊಳಗೆ ಜಬ್ಬಾರ್ ನಿಂತು ನಗುತ್ತಿದ್ದ. ತಿಳಿನೀಲಿ ಅಂಗಿ.

ಅವಳು ಚಿತ್ರವನ್ನು ದೊಡ್ಡದು ಮಾಡಿದಳು. ಈವ್ನಿಂಗ್ ಕ್ಲಾಸಿನಲ್ಲಿ ಹೊಲಿಗೆ ಕಲಿತು, ಮೂರು ಸಲ ಬಿಚ್ಚಿ, ಅದೇ ಬಣ್ಣದ ಅಂಗಿಯೊಂದನ್ನು ಅವಳು ಹೊಲಿದುಕೊಟ್ಟಿದ್ದಳು. ಅದರ ಜೇಬು ಎದೆಯ ಎಡಗಡೆ. ಈ ಅಂಗಿಯದು ಬಲಗಡೆ. ಅಂಥದ್ದೇ ಇನ್ನೊಂದನ್ನು ಯಾರೋ ಕೊಟ್ಟಿದ್ದರು. ಅವಳದು ಎಲ್ಲಿ ಹೋಯಿತೋ.

ಭಾನುವಾರ ಅವಳು ಜಾಕ್ಸನ್ ಕಡೆಗೆ ಡ್ರೈವ್ ಮಾಡಿದಳು. ಅಲ್ಲೊಂದು ಡ್ರೈವ್-ಥ್ರೂ ಸಫಾರಿ, ಮನೆಯಿಂದ ಮುಕ್ಕಾಲು ಗಂಟೆ. ಕಾರುಗಳ ಸಾಲಿನಲ್ಲಿ ಗಾಜು ಏರಿಸಿಕೊಂಡು ನಿಧಾನ ಸಾಗಿದಳು. ಆನೆಗಳಿದ್ದವು, ಆಫ್ರಿಕಾದ್ದೇ. ಜಿರಾಫೆಗಳಿದ್ದವು. ಸಿಬ್ಬಂದಿಯ ಜೀಪಿನ ಸ್ಟೀರಿಂಗ್ ಎಡಗಡೆ. ಬಲೂನು? ಜುಲೈಯ ಬಲೂನು ಉತ್ಸವಕ್ಕೆ ಇಡೀ ನ್ಯೂಜೆರ್ಸಿಯ ಜನ ಹೋಗಿದ್ದರು. ಹಿಂದಿನ ಕಾರಿನವನು ಹಾರ್ನ್ ಒತ್ತಿದ. ಎಲ್ಲ ಕಾರುಗಳಲ್ಲೂ ಸಂಸಾರಗಳಿದ್ದವು. ಅವಳ ಪಕ್ಕದ ಸೀಟಿನಲ್ಲಿ ಕೈಚೀಲವಿತ್ತು.

ಮನೆಗೆ ಬಂದು ಮೇಲ್ ಬರೆದಳು. 'ನನ್ನದೇ ತಪ್ಪಿರಬಹುದು' ಎಂದು ಶುರುಮಾಡಿ ಅಳಿಸಿದಳು. ಆ ಹನ್ನೊಂದು ವಾರದ ಊಟದ ಡಬ್ಬಿ ನೆನಪಾಯಿತು. ಕೊನೆಗೆ ಉಳಿದದ್ದು ಇಷ್ಟು: 'ನೀವು ಎಲ್ಲಿದ್ದೀರೆಂದು ಗೊತ್ತು. ಅಲ್ಲೇ ಇರಿ. ಬರಬೇಡಿ.'

ಮಾರನೆಯ ದಿನ ಉತ್ತರ ಬಂತು. 'ಸರಿ ಹಫೀಜಾ. ಒಮ್ಮೆ ಸುಳ್ಳು ಹೇಳಿದ್ದೇನೆ. ಇನ್ನು ಏನು ಕೇಳಲಿ. ಎರಡು ವರ್ಷಕ್ಕೆ ಸಹಿ ಮಾಡಿದೆ.'

ಶನಿವಾರ ಕಳೆಯಿತು. ಯಾರೂ ಬಾಗಿಲು ತಟ್ಟಲಿಲ್ಲ. ತಟ್ಟಿದ್ದರೆ ತೆರೆಯುತ್ತಿದ್ದೆನೇ ಎಂದು ಅವಳು ದಿನವಿಡೀ ಯೋಚಿಸಿದಳು. ಸಲ್ಮಾ ಬಿರಿಯಾನಿ ತಂದುಕೊಟ್ಟು, "ಜಬ್ಬಾರ್ ಭಾಯಿ ಸುದ್ದಿ ಏನು ಆಪಾ?" ಎಂದಳು.

"ಬಿಜಿ" ಎಂದಳು ಹಫೀಜಾ.

ಮಂಗಳವಾರ ಪಾರ್ಸೆಲ್ ಬಂತು. ಬೋಟ್ಸ್‌ವಾನಾದ ಅಂಚೆಮುದ್ರೆ. ಅಲ್ಲಿದ್ದ ಯಾರಿಂದಲೋ ಹಾಕಿಸಿರಬೇಕು ಎಂದುಕೊಂಡಳು. ಅಷ್ಟು ಮಾಡಬಲ್ಲವನೇ ಅವನು. ಒಳಗೆ ದಪ್ಪ ರಟ್ಟಿನ ಆಲ್ಬಮ್. ಅಭ್ಯಾಸದಂತೆ ಎಡದಿಂದ ತೆರೆದಳು. ಬಂದದ್ದು ಕೊನೆಯ ಪುಟ, ಖಾಲಿ. ಮುಚ್ಚಿ ತಿರುಗಿಸಿದಳು. ಆಮೇಲೆ ಬಲದಿಂದ ತೆರೆದಳು. ಮೊದಲ ಪುಟದಲ್ಲಿ ಜಬ್ಬಾರನ ಕೈಬರಹವಿತ್ತು.

'ನಿನ್ನ ಅಮ್ಮಿಯ ಉರ್ದು ಪುಸ್ತಕಗಳ ಹಾಗೆ ಇದೂ ಬಲದಿಂದ ತೆರೆಯುತ್ತದೆ. ಆನೆಗಳು ನೀನು ಓದುವ ದಿಕ್ಕಿಗೇ ನಡೆಯಲೆಂದು ಎಲ್ಲ ಚಿತ್ರಗಳನ್ನೂ ಕನ್ನಡಿಯ ಹಾಗೆ ತಿರುಗಿಸಿದ್ದೇನೆ, ನೀನು ಹೊಲಿದ ಅಂಗಿಯ ಜೇಬು ಬಲಕ್ಕೆ ಹೋಗಿದೆ, ನಗಬೇಡ.'