ಕುದಿದಾಗ ತಿಳಿಯಾದದ್ದು

ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದರೆ ಸಾಕು, ಈಗಲೂ ಶಿಡ್ಲಘಟ್ಟದ ಆ ಲ್ಯಾಬು ಕಣ್ಣೆದುರು ಬರುತ್ತದೆ.

ಅಪ್ಪನದು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಬೆನ್ನುಮೂಳೆಯ ನೋವು ಬಿಡದ ಕಾರಣ ಡಾಕ್ಟರು ಮೂತ್ರ ಪರೀಕ್ಷೆಗೆ ಕಳಿಸಿದ್ದರು. ಜೊತೆಗೆ ಹೋದವಳು ಪುಟ್ಟ ಹುಡುಗಿ ನಾನೊಬ್ಬಳೇ. ಲ್ಯಾಬಿನವರು ಗಾಜಿನ ಕೊಳವೆಯನ್ನು ಸ್ಪಿರಿಟ್ ದೀಪದ ಮೇಲೆ ಹಿಡಿದರು. ಇಕ್ಕಳದಲ್ಲಿ ಹಿಡಿದಿದ್ದರೋ, ಕಾಗದ ಸುತ್ತಿಯೋ? ನೆನಪಿಸಿಕೊಂಡಾಗಲೆಲ್ಲ ಬೇರೆಬೇರೆಯಾಗಿ ಕಾಣುತ್ತದೆ, ಅದನ್ನು ನಂಬಲಾರೆ. ಮೂತ್ರ ಬೆಚ್ಚಗಾಗುತ್ತಲೇ ಹಾಲು ಬೆರೆಸಿದಂತೆ ಬೆಳ್ಳಗಾದದ್ದು ಮಾತ್ರ ನಿಜ. ನಾನು ಹೆದರಿ ಅಪ್ಪನ ಲುಂಗಿ ಹಿಡಿದುಕೊಂಡೆ. ಆಮೇಲೆ ಕುದಿ ಬಂತು. ಬಿಳುಪೆಲ್ಲ ಕರಗಿ ತಿಳಿಯಾಯಿತು.

"ನೋಡಮ್ಮ, ಗೂಡಿನ ಗೋಂದು ಬಿಟ್ಟಂಗೆ ಬಿಟ್ಟೋಯ್ತು!" ಅಪ್ಪ ನಕ್ಕ. "ಕುದಿ ಬಂದ್ರೆ ಎಲ್ಲಾ ಸರಿಹೋಗ್ತದೆ. ಏನೂ ಇಲ್ಲ ಅಲ್ವಾ ಸಾರ್?"

ಲ್ಯಾಬಿನವರು ದೀಪ ಆರಿಸಿದರು. ಕೊಳವೆ ತಣ್ಣಗಾಗುತ್ತಿದ್ದಂತೆ ಬಿಳುಪು ಮತ್ತೆ ಮೂಡಿತು.

"ಮಾಮೂಲಿ ಪ್ರೋಟೀನ್ ಆದ್ರೆ ಕುದಿಸಿದ್ರೂ ಕರಗಲ್ಲ," ಎಂದರು ತಮ್ಮಷ್ಟಕ್ಕೆ. "ಇದು ಕರಗಬಾರದಿತ್ತು."

ಅದು ಮೂಳೆಮಜ್ಜೆಯ ಕ್ಯಾನ್ಸರಿನ ಗುರುತೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಪ್ಪನ ನಗು ಇನ್ನೂ ಮುಖದ ಮೇಲೇ ಇತ್ತು.

"ಜೊತೇಲಿ ದೊಡ್ಡೋರು ಯಾರಾದ್ರೂ ಬಂದಿದಾರಾ?" ಅವರು ಕೇಳಿದರು.

"ಇವಳೇ ಸಾರ್ ನಮ್ಮನೆ ದೊಡ್ಡೋಳು. ನಮ್ಮನ್ನೆಲ್ಲ ಗದರಿಸಿ ಇಟ್ಟಿದಾಳೆ," ಎಂದು ಅಪ್ಪ ನನ್ನ ತಲೆ ಸವರತೊಡಗಿದ.

ಲ್ಯಾಬಿನವರು ನಗಲಿಲ್ಲ. ನನ್ನ ಎತ್ತರಕ್ಕೆ ಬಗ್ಗಿ, ತೀರಾ ಮೆಲ್ಲಗೆ ಕೇಳಿದರು: "ಮನೇಗೋಗಿ ಅಮ್ಮನ್ನ ಕರ್ಕೊಂಡ್ ಬರ್ತೀಯೇನಮ್ಮ?"

ತಲೆ ಸವರುತ್ತಿದ್ದ ಅಪ್ಪನ ಕೈ ಅಲ್ಲೇ ನಿಂತಿತು.